ಕೊಡಗಿನ ಕಾಫಿ ಕಣದಿಂದ ಆಕಾಶ ನೋಡುವ ಬಗೆ: ಚಂದ್ರ, ಗ್ರಹ, ನಕ್ಷತ್ರಗಳ ತಿಂಗಳುವಾರು ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಆಕಾಶವೀಕ್ಷಣೆಯ ವರ್ಷವು ಜನವರಿಯಲ್ಲಿ ಆರಂಭವಾಗುವುದಿಲ್ಲ. ಮುಂಗಾರು ಹಿಂದೆ ಸರಿದು, ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ಅಕ್ಟೋಬರ್ ಮಧ್ಯಭಾಗದಲ್ಲಿ ಅದು ಆರಂಭವಾಗುತ್ತದೆ. ಮುಂದಿನ ಮುಂಗಾರಿನ ಮೋಡಗಳು ಪಶ್ಚಿಮದ ಬೆಟ್ಟಸಾಲನ್ನು ಮುಚ್ಚುವ ಜೂನ್ ಮೊದಲ ವಾರದ ಹೊತ್ತಿಗೆ ಮುಗಿಯುತ್ತದೆ. ಬೇರೆ ದೇಶಗಳ ಹವೆಗೆ ಹೊಂದಿಸಿ ಬರೆದ ಮಾರ್ಗದರ್ಶಿಗಳು ಆಗಸ್ಟ್ ತಿಂಗಳ ಪರ್ಸೀಯಿಡ್ ಉಲ್ಕೆಗಳನ್ನೂ ಜುಲೈ ತಿಂಗಳ ಆಕಾಶಗಂಗೆಯನ್ನೂ ವರ್ಷದ ಮುಖ್ಯ ನೋಟಗಳೆಂದು ಹೊಗಳುತ್ತವೆ. ಆ ತಿಂಗಳುಗಳಲ್ಲಿ ನಮಗೆ ಕಾಣುವುದು ಮಳೆಯೊಂದೇ. ಆದ್ದರಿಂದ ಇಲ್ಲಿನ ಮಳೆ, ಇಲ್ಲಿನ ಬೆಟ್ಟ, ಇಲ್ಲಿನ ಮರಗಳಿಗೆ ಹೊಂದುವ ಕ್ರಮವೊಂದನ್ನು ನಾವೇ ರೂಪಿಸಿಕೊಳ್ಳಬೇಕು.

ಆ ಕ್ರಮಕ್ಕೆ ಬೇಕಾದ ಮೊದಲ ಉಪಕರಣ ಬಹುತೇಕ ಮನೆಗಳ ಗೋಡೆಯಲ್ಲಿ ಈಗಾಗಲೇ ತೂಗುತ್ತಿದೆ. ತಿಥಿ, ನಕ್ಷತ್ರ, ಸಂಕ್ರಮಣಗಳನ್ನು ಅಚ್ಚುಹಾಕಿದ ಪಂಚಾಂಗದ ಕ್ಯಾಲೆಂಡರನ್ನು ನಾವು ಹಬ್ಬ ಮತ್ತು ಮುಹೂರ್ತಗಳಿಗಾಗಿ ತಿರುವುತ್ತೇವೆ. ಅದರ ಪ್ರತಿಯೊಂದು ಚೌಕವೂ ಆ ರಾತ್ರಿ ಚಂದ್ರನು ಎಲ್ಲಿರುತ್ತಾನೆ, ಎಷ್ಟು ಹೊತ್ತಿಗೆ ಮೂಡುತ್ತಾನೆ, ಯಾವ ನಕ್ಷತ್ರದ ಬಳಿ ನಿಲ್ಲುತ್ತಾನೆ ಎಂಬುದನ್ನು ಹೇಳುತ್ತಿರುತ್ತದೆ. ಆ ಚೌಕವನ್ನು ಓದಿ ಆಕಾಶದಲ್ಲಿ ಹುಡುಕಲು ಕಲಿತವರಿಗೆ ಮೊಬೈಲ್ ಆ್ಯಪ್‌ನ ಅಗತ್ಯ ಬಹಳ ಕಡಿಮೆಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಹಂತ: ಜಾಗವನ್ನು ಆರಿಸುವುದು

ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ ಉತ್ತರ. ಇದರಿಂದ ಎರಡು ಪರಿಣಾಮಗಳಿವೆ. ಧ್ರುವ ನಕ್ಷತ್ರವು ಉತ್ತರ ದಿಗಂತದಿಂದ ಕೇವಲ ಹನ್ನೆರಡು ಡಿಗ್ರಿ ಮೇಲಿರುವುದರಿಂದ ಅದು ಬಹುಪಾಲು ಮನೆಗಳಿಗೆ ಬೆಟ್ಟದ ಅಥವಾ ಸಿಲ್ವರ್ ಓಕ್ ಮರಗಳ ಹಿಂದೆ ಮರೆಯಾಗಿಯೇ ಇರುತ್ತದೆ. ಅದಕ್ಕೆ ಪ್ರತಿಯಾಗಿ, ಉತ್ತರದ ದೇಶಗಳ ವೀಕ್ಷಕರಿಗೆ ಎಂದೂ ಕಾಣಸಿಗದ ದಕ್ಷಿಣದ ನಕ್ಷತ್ರಗಳು ನಮಗೆ ಕಾಣುತ್ತವೆ. ತಮಿಳುನಾಡಿನ ಕಾವಲೂರಿನಲ್ಲಿರುವ ವೈನು ಬಾಪು ವೀಕ್ಷಣಾಲಯವೂ ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿದೆ. ದೇಶದ ಖಗೋಳವಿಜ್ಞಾನಿಗಳು ದೊಡ್ಡ ದೂರದರ್ಶಕದಿಂದ ನೋಡುವ ಆಕಾಶವೇ ನಮ್ಮ ಅಂಗಳದ ಮೇಲೂ ಇದೆ.

ಆದ್ದರಿಂದ ಜಾಗವನ್ನು ಆರಿಸುವಾಗ ದಕ್ಷಿಣ ದಿಕ್ಕು ತೆರೆದಿದೆಯೇ ಎಂಬುದನ್ನು ಮೊದಲು ನೋಡಬೇಕು. ಅಳೆಯುವುದು ಸುಲಭ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಕಿರುಬೆರಳಿನ ಅಗಲ ಸುಮಾರು ಒಂದು ಡಿಗ್ರಿ. ಪೂರ್ಣಚಂದ್ರನ ಅಗಲ ಅರ್ಧ ಡಿಗ್ರಿ. ಹಗಲಿನಲ್ಲೇ ಕಣದ ನಡುವೆ ನಿಂತು, ಕಣ್ಣಿನ ಮಟ್ಟದಿಂದ ಮರಗಳ ತುದಿಯವರೆಗೆ ಎಷ್ಟು ಮುಷ್ಟಿ ಆಗುತ್ತದೆ ಎಂದು ನಾಲ್ಕೂ ದಿಕ್ಕಿಗೆ ಎಣಿಸಿ ಬರೆದಿಟ್ಟುಕೊಳ್ಳಿ. ದಕ್ಷಿಣದಲ್ಲಿ ಮರದ ಸಾಲು ಒಂದೂವರೆ ಮುಷ್ಟಿಗಿಂತ ಕೆಳಗಿದ್ದರೆ ಈ ಲೇಖನದಲ್ಲಿ ಹೇಳಿರುವ ಬಹುತೇಕ ಎಲ್ಲವೂ ನಿಮಗೆ ಕಾಣುತ್ತದೆ.

ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ವೀಕ್ಷಣಾಲಯ ಕೊಡಗಿನಲ್ಲಿ ಸಿಗುವುದು ಕಷ್ಟ. ಬಿಸಿಲು ಬೀಳಲೆಂದೇ ಅದರ ಸುತ್ತ ಮರ ಕಡಿದಿರುತ್ತಾರೆ, ನೆಲ ಸಮತಟ್ಟಾಗಿರುತ್ತದೆ, ಜಿಗಣೆಯ ಕಾಟವಿಲ್ಲ, ಮನೆ ಹತ್ತಿರದಲ್ಲೇ ಇರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಣದ ತುಂಬ ಕಾಫಿ ಹರಡಿರುವುದರಿಂದ ಅಂಚಿನಲ್ಲಿ ಕುರ್ಚಿ ಹಾಕಿಕೊಳ್ಳಬೇಕಾಗುತ್ತದೆ, ಅಷ್ಟೆ. ಕಣವಿಲ್ಲದವರಿಗೆ ಕೊಯ್ಲಾದ ಗದ್ದೆಯ ಬಯಲು, ಶಾಲೆಯ ಮೈದಾನ ಅಥವಾ ತಾರಸಿ ಸಾಕು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ, ಕಾಡಿನಂಚಿನಲ್ಲಿ, ಕೆರೆಯ ಏರಿಯ ಮೇಲೆ ನಕ್ಷತ್ರ ನೋಡಲೆಂದು ಹೋಗಕೂಡದು. ಆನೆಗಳು ಹಗಲನ್ನು ತೋಟದೊಳಗೆ ಕಳೆದು ಸಂಜೆಯ ನಂತರ ನಡೆಯತೊಡಗುತ್ತವೆ. ಆಕಾಶ ನೋಡಲು ಪ್ರಶಸ್ತವಾದ ಕತ್ತಲೆಯೇ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣದ ಕತ್ತಲೆ. ತಡಿಯಂಡಮೋಳ್, ಮಾಂದಲಪಟ್ಟಿ, ಪುಷ್ಪಗಿರಿಗಳ ನೆತ್ತಿ ಎಷ್ಟೇ ಆಕರ್ಷಕವಾಗಿದ್ದರೂ ಅವು ಅರಣ್ಯ ಇಲಾಖೆಯ ನಿಯಮಗಳಿಗೆ ಒಳಪಟ್ಟ ಜಾಗಗಳು, ಅನುಮತಿಯಿಲ್ಲದೆ ರಾತ್ರಿ ಅಲ್ಲಿ ಉಳಿಯುವಂತಿಲ್ಲ. ಮನೆಯ ಬೆಳಕನ್ನು ಆರಿಸಿ ಅಂಗಳದಲ್ಲೇ ಕೂತವರು ಬೆಟ್ಟ ಹತ್ತಿದವರಿಗಿಂತ ಹೆಚ್ಚು ನೋಡುತ್ತಾರೆ, ಏಕೆಂದರೆ ಅವರು ಬಿಡುವಿದ್ದಾಗಲೆಲ್ಲ ನೋಡಬಲ್ಲರು.

ಜಿಲ್ಲೆಯೊಳಗೂ ಹವೆಯ ವ್ಯತ್ಯಾಸ ದೊಡ್ಡದು. ಭಾಗಮಂಡಲದ ಕಡೆಗೆ ಅಕ್ಟೋಬರ್ ಕೊನೆಯವರೆಗೂ ಮೋಡ ತಂಗುತ್ತದೆ. ಮಳೆಯ ನೆರಳಿನಲ್ಲಿರುವ ಕುಶಾಲನಗರದ ಕಡೆಯವರಿಗೆ ತೆರೆದ ಆಕಾಶದ ರಾತ್ರಿಗಳು ಹೆಚ್ಚು ಸಿಗುತ್ತವೆ. ಚಳಿಗಾಲದಲ್ಲಿ ತಗ್ಗಿನ ಗದ್ದೆಗಳಲ್ಲಿ ನಡುರಾತ್ರಿಯ ನಂತರ ಮಂಜು ತುಂಬುತ್ತದೆ. ಗದ್ದೆಯ ಪಕ್ಕದ ಮನೆಯವರು ಸಂಜೆ ಏಳರಿಂದ ಹತ್ತರವರೆಗಿನ ಹೊತ್ತನ್ನೂ, ದಿಣ್ಣೆಯ ಮೇಲಿನ ಮನೆಯವರು ಬೆಳಗಿನ ಜಾವವನ್ನೂ ಬಳಸಿಕೊಳ್ಳುವುದು ಒಳ್ಳೆಯದು.

ಎರಡನೆಯ ಹಂತ: ಕಣ್ಣು ಮತ್ತು ಸಲಕರಣೆ

ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಮತ್ತು ಮೊಬೈಲಿನ ಬಿಳಿ ಬೆಳಕನ್ನು ಒಮ್ಮೆ ನೋಡಿದರೆ ಆ ಸಿದ್ಧತೆಯೆಲ್ಲ ಕೆಡುತ್ತದೆ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದವನ್ನು ಎರಡು ಪದರ ಸುತ್ತಿದರೆ ಬರೆದುಕೊಳ್ಳಲು ಬೇಕಾದಷ್ಟು ಬೆಳಕು ಸಿಗುತ್ತದೆ, ಕಣ್ಣಿಗೂ ತೊಂದರೆಯಾಗುವುದಿಲ್ಲ. ಮಸುಕಾದ ವಸ್ತುವನ್ನು ನೋಡುವಾಗ ದೃಷ್ಟಿಯನ್ನು ಅದರ ಮೇಲೆ ನೇರವಾಗಿ ನೆಡದೆ ಸ್ವಲ್ಪ ಪಕ್ಕಕ್ಕೆ ಇಟ್ಟರೆ ಅದು ಹೆಚ್ಚು ಸ್ಪಷ್ಟವಾಗುತ್ತದೆ.

ಹೊಸಬರು ಟೆಲಿಸ್ಕೋಪ್ ಕೊಳ್ಳಲು ಆತುರಪಡಬಾರದು. ಏಳು–ಐವತ್ತು ಅಥವಾ ಹತ್ತು–ಐವತ್ತು ಎಂದು ಗುರುತಿಸಿರುವ ಬೈನಾಕ್ಯುಲರ್ ಒಂದಿದ್ದರೆ ಚಂದ್ರನ ದೊಡ್ಡ ಕುಳಿಗಳು, ಗುರುವಿನ ನಾಲ್ಕು ಉಪಗ್ರಹಗಳು, ಕೃತ್ತಿಕೆಯ ಗುಂಪು, ಆಂಡ್ರೊಮಿಡಾ ಗೆಲಾಕ್ಸಿ ಇವೆಲ್ಲವೂ ಕಾಣುತ್ತವೆ. ಅದರಲ್ಲಿ ಮೊದಲ ಅಂಕಿ ವರ್ಧನೆ, ಎರಡನೆಯದು ಮುಂದಿನ ಗಾಜಿನ ವ್ಯಾಸ ಮಿಲಿಮೀಟರಿನಲ್ಲಿ. ಎರಡು ಋತು ಬೈನಾಕ್ಯುಲರ್‌ನಿಂದ ನೋಡಿದ ಮೇಲೂ ಆಸೆ ಉಳಿದಿದ್ದರೆ ಆರು ಇಂಚಿನ ಡಾಬ್ಸೋನಿಯನ್ ಮಾದರಿಯ ಟೆಲಿಸ್ಕೋಪ್ ಒಳ್ಳೆಯ ಆಯ್ಕೆ. ಸಣ್ಣ ಪೆಟ್ಟಿಗೆಯ ಮೇಲೆ ಮುನ್ನೂರು, ನಾನೂರು ಪಟ್ಟು ವರ್ಧನೆ ಎಂದು ಬರೆದು ಮಾರುವ ಅಗ್ಗದ ಟೆಲಿಸ್ಕೋಪುಗಳನ್ನು ಮಕ್ಕಳಿಗೆ ಕೊಡಿಸಬೇಡಿ. ಅಲುಗಾಡುವ ಕಾಲುಗಳ ಮೇಲೆ ಅವು ಏನನ್ನೂ ಸ್ಪಷ್ಟವಾಗಿ ತೋರಿಸುವುದಿಲ್ಲ.

ಮೂರನೆಯ ಹಂತ: ಕ್ಯಾಲೆಂಡರಿನ ಚೌಕವನ್ನು ಓದುವುದು

ಚೌಕದಲ್ಲಿರುವ ತಿಥಿಯು ಚಂದ್ರ ಸೂರ್ಯನಿಂದ ಎಷ್ಟು ದೂರ ಸರಿದಿದ್ದಾನೆ ಎಂಬುದರ ಅಳತೆ. ಒಂದು ತಿಥಿಗೆ ಹನ್ನೆರಡು ಡಿಗ್ರಿ. ಶುಕ್ಲ ಅಷ್ಟಮಿಯ ಸುಮಾರಿಗೆ ಚಂದ್ರನು ಸೂರ್ಯನಿಂದ ತೊಂಬತ್ತು ಡಿಗ್ರಿ ದೂರವಿದ್ದು ಸೂರ್ಯಾಸ್ತದ ಹೊತ್ತಿಗೆ ನೆತ್ತಿಯ ಆಸುಪಾಸಿನಲ್ಲಿರುತ್ತಾನೆ. ಹುಣ್ಣಿಮೆಯಂದು ಸೂರ್ಯ ಮುಳುಗುವಾಗ ಮೂಡುತ್ತಾನೆ. ಅಲ್ಲಿಂದ ಮುಂದೆ ದಿನಕ್ಕೆ ಸರಾಸರಿ ಐವತ್ತು ನಿಮಿಷ ತಡವಾಗಿ ಮೂಡುತ್ತ ಕೃಷ್ಣ ಅಷ್ಟಮಿಗೆ ನಡುರಾತ್ರಿಯನ್ನು ಮುಟ್ಟುತ್ತಾನೆ. ಇದರಿಂದ ತಿಂಗಳ ಯೋಜನೆ ತಾನಾಗಿಯೇ ಸಿದ್ಧವಾಗುತ್ತದೆ. ಶುಕ್ಲ ತದಿಗೆಯಿಂದ ದ್ವಾದಶಿಯವರೆಗಿನ ಸಂಜೆಗಳು ಚಂದ್ರನಿಗೆ. ಕೃಷ್ಣ ಷಷ್ಠಿಯಿಂದ ಅಮಾವಾಸ್ಯೆಯನ್ನು ದಾಟಿ ಶುಕ್ಲ ಬಿದಿಗೆಯವರೆಗಿನ ಸಂಜೆಗಳು ಮಸುಕಾದ ನಕ್ಷತ್ರಗುಚ್ಛ ಮತ್ತು ಆಕಾಶಗಂಗೆಗೆ. ಗ್ರಹಗಳಿಗೆ ಬೆಳದಿಂಗಳಿನಿಂದ ತೊಂದರೆಯಿಲ್ಲ.

ಚೌಕದಲ್ಲಿರುವ ನಕ್ಷತ್ರದ ಹೆಸರು ಇನ್ನೂ ಹೆಚ್ಚು ಉಪಕಾರಿ. ಚಂದ್ರನು ಆಕಾಶವನ್ನು ಒಂದು ಸುತ್ತು ಹಾಕಲು 27.3 ದಿನ ಬೇಕು. ಇಪ್ಪತ್ತೇಳು ನಕ್ಷತ್ರಗಳ ವಿಭಾಗ ಇದಕ್ಕೆ ಹೊಂದಿಕೊಂಡೇ ಬಂದಿದೆ. ಇಂದು ರೋಹಿಣಿ ಎಂದಿದ್ದರೆ ಇಂದು ರಾತ್ರಿ ಚಂದ್ರನ ಬಳಿ ಕಾಣುವ ಕೆಂಬಣ್ಣದ ಪ್ರಕಾಶಮಾನ ನಕ್ಷತ್ರವೇ ರೋಹಿಣಿ. ಮಘಾ, ಚಿತ್ತಾ, ಜ್ಯೇಷ್ಠಾ ಹೀಗೆಯೇ ಒಂದೊಂದಾಗಿ ಪರಿಚಯವಾಗುತ್ತವೆ. ಪಂಚಾಂಗದ ವಿಭಾಗಗಳು ತಲಾ 13 ಡಿಗ್ರಿ 20 ಕಲೆಗಳಂತೆ (ಒಂದು ಡಿಗ್ರಿಗೆ 60 ಕಲೆ) ಸಮನಾಗಿ ಹಂಚಿದವು, ನಿಜವಾದ ನಕ್ಷತ್ರಗಳು ಹಾಗೆ ಸಮನಾಗಿ ಚೆಲ್ಲಿಲ್ಲ. ಆದ್ದರಿಂದ ಒಂದು ಮುಷ್ಟಿಯಷ್ಟು ಹೆಚ್ಚುಕಡಿಮೆಯಾಗುವುದನ್ನು ನಿರೀಕ್ಷಿಸಬೇಕು. ಸ್ವಾತಿ, ಶ್ರವಣದಂಥ ಕೆಲವು ನಕ್ಷತ್ರಗಳು ಚಂದ್ರನ ದಾರಿಯಿಂದ ಬಹಳ ಉತ್ತರಕ್ಕಿವೆ, ಅವುಗಳನ್ನು ಚಂದ್ರನ ಪಕ್ಕದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಮಳೆ ನಕ್ಷತ್ರಗಳನ್ನೂ ಇದೇ ರೀತಿ ಓದಬಹುದು. ಜೂನ್ 22ರ ಸುಮಾರಿಗೆ ಆರಿದ್ರಾ ಮಳೆ ಹುಟ್ಟುತ್ತದೆ ಎಂದರೆ ಸೂರ್ಯನು ಆರಿದ್ರಾ ವಿಭಾಗವನ್ನು ಪ್ರವೇಶಿಸಿದ್ದಾನೆ ಎಂದರ್ಥ. ಆ ಹೊತ್ತಿಗೆ ಆರಿದ್ರಾ ನಕ್ಷತ್ರವು ಸೂರ್ಯನ ಪ್ರಭೆಯಲ್ಲಿ ಅಡಗಿರುತ್ತದೆ, ಮತ್ತು ಆರು ತಿಂಗಳ ನಂತರ, ಡಿಸೆಂಬರ್ ಕೊನೆಯಲ್ಲಿ, ನಡುರಾತ್ರಿ ನಮ್ಮ ನೆತ್ತಿಯ ಹತ್ತಿರ ಹೊಳೆಯುತ್ತದೆ. ಯಾವ ನಕ್ಷತ್ರದ ಮಳೆಯಲ್ಲಿ ನಾಟಿ ಮಾಡಿದಿರೋ ಆ ನಕ್ಷತ್ರವನ್ನು ಆರು ತಿಂಗಳ ಆಚೆ ನಡುರಾತ್ರಿ ಹುಡುಕಿ ನೋಡುವುದು ಮಕ್ಕಳಿಗೆ ಕೊಡಬಹುದಾದ ಒಳ್ಳೆಯ ಅಭ್ಯಾಸ.

ನಾಲ್ಕನೆಯ ಹಂತ: ಚಂದ್ರನನ್ನು ತಿಥಿಗೆ ತಕ್ಕಂತೆ ನೋಡುವುದು

ಚಂದ್ರನನ್ನು ನೋಡಲು ಹುಣ್ಣಿಮೆಯೇ ಶ್ರೇಷ್ಠ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಹುಣ್ಣಿಮೆಯಂದು ಸೂರ್ಯನ ಬೆಳಕು ಚಂದ್ರನ ಮೇಲೆ ನೇರವಾಗಿ ಬೀಳುವುದರಿಂದ ಕುಳಿಗಳಿಗೆ ನೆರಳಿಲ್ಲ, ನೆರಳಿಲ್ಲದೆ ಆಳ–ಎತ್ತರ ತಿಳಿಯುವುದಿಲ್ಲ. ನೋಡಬೇಕಾದದ್ದು ಬೆಳಕು ಮತ್ತು ಕತ್ತಲೆ ಸೇರುವ ಗೆರೆಯನ್ನು. ಶುಕ್ಲಪಕ್ಷದಲ್ಲಿ ಆ ಗೆರೆಯ ಮೇಲೆ ಸೂರ್ಯೋದಯವಾಗುತ್ತಿರುತ್ತದೆ, ಒಂದೊಂದು ಕುಳಿಯ ಗೋಡೆಯೂ ಉದ್ದನೆಯ ನೆರಳನ್ನು ಚೆಲ್ಲುತ್ತಿರುತ್ತದೆ.

ಬಿದಿಗೆಯ ಚಂದ್ರ ಪಶ್ಚಿಮದಲ್ಲಿ ತುಂಬ ಕೆಳಗಿರುವುದರಿಂದ ಬೆಟ್ಟದ ಮರೆಯಿರುವ ಮನೆಗಳಿಗೆ ಕಾಣದೆ ಹೋಗಬಹುದು. ತದಿಗೆಯ ಚಂದ್ರ ಬಹುತೇಕ ಎಲ್ಲರಿಗೂ ಸಿಗುತ್ತಾನೆ. ನಮ್ಮ ಅಕ್ಷಾಂಶದಲ್ಲಿ, ವಿಶೇಷವಾಗಿ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ, ಅವನು ಎರಡು ಕೊಂಬುಗಳನ್ನೂ ಮೇಲೆತ್ತಿ ದೋಣಿಯಂತೆ ಮಲಗಿರುತ್ತಾನೆ. ಬೆಳಗದ ಭಾಗವೂ ಬೂದುಬಣ್ಣದಲ್ಲಿ ಮಂದವಾಗಿ ಕಾಣುವುದನ್ನು ಗಮನಿಸಿ. ಅದು ಭೂಮಿಯಿಂದ ಪ್ರತಿಫಲಿಸಿ ಹೋದ ಬೆಳಕು. ಬೈನಾಕ್ಯುಲರಿನಲ್ಲಿ ಕಾಣುವ ಅಂಡಾಕಾರದ ಕಪ್ಪು ಬಯಲು ಮೇರ್ ಕ್ರೈಸಿಯಮ್.

ಪಂಚಮಿ, ಷಷ್ಠಿಗಳಲ್ಲಿ ಥಿಯೋಫಿಲಸ್, ಸಿರಿಲಸ್, ಕ್ಯಾಥರೀನಾ ಎಂಬ ಮೂರು ಕುಳಿಗಳು ಸರಪಳಿಯಂತೆ ಗೆರೆಯ ಬಳಿ ತೆರೆದುಕೊಳ್ಳುತ್ತವೆ. ಷಷ್ಠಿ–ಸಪ್ತಮಿಗಳಂದು ದಕ್ಷಿಣದ ಅಂಚಿನತ್ತ ಟೆಲಿಸ್ಕೋಪನ್ನು ತಿರುಗಿಸಿ. 2023ರ ಆಗಸ್ಟ್ 23ರಂದು ಚಂದ್ರಯಾನ–3ರ ವಿಕ್ರಮ್ ಇಳಿದದ್ದು ಸುಮಾರು 69 ಡಿಗ್ರಿ ದಕ್ಷಿಣದಲ್ಲಿ, ಮಾಂಜಿನಸ್ ಕುಳಿಯಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ. ಅಲ್ಲಿ ಆಗತಾನೆ ಬೆಳಗಾದ ಹೊತ್ತಿಗೆ ಹೊಂದಿಸಿ ಇಳಿಸಿದ್ದರಿಂದ ಸುಮಾರು ಹದಿನಾಲ್ಕು ದಿನಗಳ ಬಿಸಿಲು ಅದರ ಸೌರಫಲಕಗಳಿಗೆ ಸಿಕ್ಕಿತು. ನೌಕೆಯು ಭೂಮಿಯ ಮೇಲಿನ ಯಾವ ಟೆಲಿಸ್ಕೋಪಿಗೂ ಕಾಣುವುದಿಲ್ಲ, ಆದರೆ ಅದು ನಿಂತಿರುವ ಕುಳಿಗಳ ಸೀಮೆಯನ್ನು ಗುರುತಿಸುವುದು ಸಾಧ್ಯ.

ಅಷ್ಟಮಿ–ನವಮಿಯ ರಾತ್ರಿಗಳೇ ನನ್ನ ಮಟ್ಟಿಗೆ ತಿಂಗಳ ಅತ್ಯುತ್ತಮ ರಾತ್ರಿಗಳು. ಟಾಲೆಮಿಯಸ್, ಅಲ್ಫಾನ್ಸಸ್, ಅರ್ಜಾಖೆಲ್ ಎಂಬ ಮೂರು ಕುಳಿಗಳು ಚಂದ್ರಬಿಂಬದ ನಡುವೆಯೇ ಸಾಲಾಗಿರುತ್ತವೆ. ಅಪೆನೈನ್ ಪರ್ವತಗಳ ಶಿಖರಗಳು ಕತ್ತಲೆಯೊಳಗಿನಿಂದ ಬೆಳಕಿನ ಬಿಂದುಗಳಾಗಿ ಎದ್ದು ಬರುತ್ತವೆ. ಒಂದು ಗಂಟೆ ಬಿಟ್ಟು ಮತ್ತೆ ನೋಡಿದರೆ ಕೆಲವು ಬಿಂದುಗಳು ಹಿಗ್ಗಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ನವಮಿ–ದಶಮಿಗೆ 93 ಕಿಲೋಮೀಟರ್ ಅಗಲದ ಕೋಪರ್ನಿಕಸ್, ಏಕಾದಶಿಯ ಸುಮಾರಿಗೆ ಸೈನಸ್ ಇರಿಡಮ್ ಎಂಬ ಅರ್ಧವೃತ್ತದ ಕೊಲ್ಲಿ. ಹುಣ್ಣಿಮೆಯಂದು ಬರಿಗಣ್ಣಿಗೆ ಮೊಲದ ಆಕೃತಿಯನ್ನೂ ಬೈನಾಕ್ಯುಲರಿಗೆ ಟೈಕೊ ಕುಳಿಯಿಂದ ಸುತ್ತಲೂ ಚಿಮ್ಮಿದ ಬಿಳಿಯ ಕಿರಣಗಳನ್ನೂ ನೋಡಬಹುದು. ಕೃಷ್ಣಪಕ್ಷದ ಚಂದ್ರನು ತೋಟದ ಕೆಲಸಕ್ಕಾಗಿ ನಸುಕಿನಲ್ಲೇ ಏಳುವವರ ಪಾಲಿಗೆ; ಅವರಿಗೆ ಇದೇ ಕುಳಿಗಳು ಸೂರ್ಯಾಸ್ತದ ನೆರಳಿನಲ್ಲಿ, ಎದುರು ದಿಕ್ಕಿನಿಂದ ಬೆಳಗಿ ಕಾಣುತ್ತವೆ.

ಐದನೆಯ ಹಂತ: ಗ್ರಹಗಳನ್ನು ಗುರುತಿಸುವುದು

ಪಂಚಾಂಗದಲ್ಲಿ ಗ್ರಹಗಳ ರಾಶಿಯನ್ನು ಕೊಟ್ಟಿರುತ್ತಾರೆ. ನಮ್ಮ ಪಂಚಾಂಗಗಳು ನಿರಯನ ಪದ್ಧತಿಯವು, ಎಂದರೆ ರಾಶಿಗಳನ್ನು ಸ್ಥಿರ ನಕ್ಷತ್ರಗಳಿಂದ ಎಣಿಸುವಂಥವು, ಆದ್ದರಿಂದ ಆ ರಾಶಿಗಳು ಆಕಾಶದ ನಕ್ಷತ್ರಪುಂಜಗಳಿಗೆ ಸಾಕಷ್ಟು ಹೊಂದುತ್ತವೆ. ಇಂಗ್ಲಿಷ್ ಪತ್ರಿಕೆಗಳ ರಾಶಿಗಳು ಸುಮಾರು 24 ಡಿಗ್ರಿ ಸರಿದಿರುವುದರಿಂದ ಇದಕ್ಕೆ ಉಪಯೋಗವಿಲ್ಲ. ಗ್ರಹಗಳ ದಾರಿ ನಮ್ಮ ಅಕ್ಷಾಂಶದಲ್ಲಿ ನೆತ್ತಿಯ ಹತ್ತಿರ ಹಾದುಹೋಗುತ್ತದೆ. ನೆತ್ತಿಯ ಬಳಿ ಗಾಳಿಯ ಪದರ ತೆಳುವಾಗಿರುವುದರಿಂದ ಬಿಂಬ ಕದಲದೆ ನಿಲ್ಲುತ್ತದೆ. ಇದು ನಮಗಿರುವ ದೊಡ್ಡ ಅನುಕೂಲ.

ಗುರು ವರ್ಷಕ್ಕೆ ಒಂದು ರಾಶಿಯಂತೆ ಸರಿಯುತ್ತಾನೆ ಮತ್ತು ಸುಮಾರು ಹದಿಮೂರು ತಿಂಗಳಿಗೊಮ್ಮೆ ಸೂರ್ಯನಿಗೆ ನೇರ ಎದುರಾಗಿ ಇಡೀ ರಾತ್ರಿ ಕಾಣುತ್ತಾನೆ. 2026ರ ಜನವರಿ 10, 2027ರ ಫೆಬ್ರವರಿಯ ಎರಡನೆಯ ವಾರ, 2028ರ ಮಾರ್ಚ್ ಮಧ್ಯಭಾಗ ಅಂಥ ಸಮಯಗಳು. ಮೂರೂ ನಮ್ಮ ಶುಭ್ರ ಋತುವಿನಲ್ಲೇ ಬೀಳುತ್ತವೆ. ಬೈನಾಕ್ಯುಲರನ್ನು ಗೋಡೆಗೆ ಅಥವಾ ಕಂಬಕ್ಕೆ ಒತ್ತಿ ಹಿಡಿದು, ನಾಲ್ಕು ಉಪಗ್ರಹಗಳ ಸ್ಥಾನವನ್ನು ಒಂದು ವಾರ ದಿನವೂ ಚುಕ್ಕೆಯಿಟ್ಟು ಬರೆಯಿರಿ. 1610ರಲ್ಲಿ ಗೆಲಿಲಿಯೋ ಮಾಡಿದ ಕೆಲಸ ಅದೇ, ಮತ್ತು ಅದನ್ನು ಕೈಯಾರೆ ಮಾಡಿದವರಿಗೆ ಅದರ ಅರ್ಥ ಪುಸ್ತಕದಿಂದ ತಿಳಿದುದಕ್ಕಿಂತ ಹೆಚ್ಚು ಗಟ್ಟಿಯಾಗಿ ಉಳಿಯುತ್ತದೆ.

ಶನಿಯ ಉಂಗುರಗಳು 2025ರ ಮಾರ್ಚ್‌ನಲ್ಲಿ ನಮಗೆ ಅಂಚಿನಿಂದ ಮಾತ್ರ ಕಾಣುವಂತಾಗಿ ಬಹುತೇಕ ಮರೆಯಾಗಿದ್ದವು. ಈಗ ವರ್ಷದಿಂದ ವರ್ಷಕ್ಕೆ ಮತ್ತೆ ತೆರೆದುಕೊಳ್ಳುತ್ತಿವೆ. ಉಂಗುರ ನೋಡಲು ಟೆಲಿಸ್ಕೋಪಿನಲ್ಲಿ ಕನಿಷ್ಠ ಇಪ್ಪತ್ತೈದು ಪಟ್ಟು ವರ್ಧನೆ ಬೇಕು. ಶನಿ ಸೂರ್ಯನಿಗೆ ಎದುರಾಗುವುದು 2026ರಲ್ಲಿ ಅಕ್ಟೋಬರ್ 4ರಂದು, ಮುಂದಿನ ವರ್ಷಗಳಲ್ಲಿ ತಲಾ ಎರಡು ವಾರ ತಡವಾಗಿ. ಆದ್ದರಿಂದ ಕೆಲವು ವರ್ಷಗಳ ಮಟ್ಟಿಗೆ ಅವನು ನಮ್ಮ ಋತುವಿನ ಮೊದಲ ಅತಿಥಿ. ಮಂಗಳನು ಇಪ್ಪತ್ತಾರು ತಿಂಗಳಿಗೊಮ್ಮೆ ಹತ್ತಿರವಾಗುತ್ತಾನೆ. 2027ರ ಫೆಬ್ರವರಿ 19ರಂದು ಅವನು ಸೂರ್ಯನಿಗೆ ಎದುರಾಗುವಾಗ ಗುರುವೂ ಅದೇ ಸೀಮೆಯಲ್ಲಿರುವುದರಿಂದ ಮಘಾ ನಕ್ಷತ್ರದ ಆಸುಪಾಸಿನಲ್ಲಿ ಕೆಂಪು ಮತ್ತು ಬಿಳಿಯ ಎರಡು ಪ್ರಖರ ದೀಪ್ತಿಗಳು ಒಟ್ಟಿಗೆ ಕಾಣುತ್ತವೆ. ಅಂದು ಮಂಗಳನ ಬಿಂಬ ಚಿಕ್ಕದಾಗಿರುವುದರಿಂದ ಟೆಲಿಸ್ಕೋಪಿನಲ್ಲಿ ಹೆಚ್ಚು ವಿವರ ನಿರೀಕ್ಷಿಸಬಾರದು.

ಬೆಳ್ಳಿಯನ್ನು, ಎಂದರೆ ಶುಕ್ರನನ್ನು, ಯಾರಿಗೂ ಪರಿಚಯಿಸಬೇಕಾಗಿಲ್ಲ. ಅದು 2026ರ ಅಕ್ಟೋಬರ್ ಕೊನೆಯಲ್ಲಿ ಸೂರ್ಯ ಮತ್ತು ಭೂಮಿಯ ನಡುವೆ ಹಾದು, ನವೆಂಬರ್‌ನಿಂದ ಬೆಳಗಿನ ಬೆಳ್ಳಿಯಾಗುತ್ತದೆ. ಎಂಟು ವರ್ಷಗಳ ನಂತರ, 2034ರಲ್ಲಿ, ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಅದೇ ಆಟ ಪುನರಾವರ್ತನೆಯಾಗುತ್ತದೆ. ಬುಧನು ಸೂರ್ಯನಿಂದ 28 ಡಿಗ್ರಿಗಿಂತ ಹೆಚ್ಚು ದೂರ ಹೋಗುವುದಿಲ್ಲ; ಪಶ್ಚಿಮ ತೆರೆದಿರುವ ಜಾಗದಿಂದ ಸೂರ್ಯಾಸ್ತವಾಗಿ ಅರ್ಧ ಗಂಟೆಯ ನಂತರ ಹುಡುಕಬೇಕು. ಸೂರ್ಯನು ಪೂರ್ತಿ ಮುಳುಗುವ ಮೊದಲು ಆ ದಿಕ್ಕಿಗೆ ಬೈನಾಕ್ಯುಲರ್ ಎತ್ತಕೂಡದು. ಒಂದು ಕ್ಷಣದ ನೋಟವೂ ಕಣ್ಣನ್ನು ಶಾಶ್ವತವಾಗಿ ಕೆಡಿಸಬಲ್ಲದು.

ಆರನೆಯ ಹಂತ: ಅಕ್ಟೋಬರ್‌ನಿಂದ ಮೇವರೆಗೆ

ಕೆಳಗಿನ ವಿವರಗಳು ಆಯಾ ತಿಂಗಳ ಮಧ್ಯಭಾಗದಲ್ಲಿ ರಾತ್ರಿ ಒಂಬತ್ತು ಗಂಟೆಯ ನೋಟಕ್ಕೆ ಸಂಬಂಧಿಸಿದವು. ತಿಂಗಳ ಆರಂಭದಲ್ಲಿ ಒಂದು ಗಂಟೆ ತಡವಾಗಿ, ಕೊನೆಯಲ್ಲಿ ಒಂದು ಗಂಟೆ ಮೊದಲೇ ನೋಡಿದರೆ ಅದೇ ಆಕಾಶ ಸಿಗುತ್ತದೆ.

ಅಕ್ಟೋಬರ್. ತುಲಾ ಸಂಕ್ರಮಣದ ಕ್ಷಣಕ್ಕೂ ಚಿತ್ತಾ ನಕ್ಷತ್ರಕ್ಕೂ ನೇರ ಸಂಬಂಧವಿದೆ. ಚಿತ್ರಾಪಕ್ಷದ ಗಣನೆಯಲ್ಲಿ ತುಲಾ ರಾಶಿಯ ಆರಂಭವನ್ನು ಈ ನಕ್ಷತ್ರದಿಂದಲೇ ನಿಶ್ಚಯಿಸುವುದರಿಂದ, ತಲಕಾವೇರಿಯಲ್ಲಿ ಜನ ತೀರ್ಥಕ್ಕಾಗಿ ಕಾದಿರುವಾಗ ಸೂರ್ಯನು ಚಿತ್ತಾ ನಕ್ಷತ್ರದ ಪಕ್ಕದಲ್ಲೇ ಇರುತ್ತಾನೆ. ಅದರಿಂದಾಗಿ ಆ ದಿನಗಳಲ್ಲಿ ಚಿತ್ತಾ ಅದೃಶ್ಯ. ನವೆಂಬರ್ ಮೊದಲ ವಾರದ ನಸುಕಿನಲ್ಲಿ ಪೂರ್ವದಲ್ಲಿ ಅದು ಮರಳಿ ಕಾಣುವುದನ್ನು ಹಿಡಿಯಲು ಪ್ರಯತ್ನಿಸಿ. ರಾತ್ರಿ ಒಂಬತ್ತಕ್ಕೆ ಪಶ್ಚಿಮದಲ್ಲಿ ಶ್ರವಣ ಇಳಿಯುತ್ತಿರುತ್ತದೆ, ಪೂರ್ವಾಭಾದ್ರಾ–ಉತ್ತರಾಭಾದ್ರಾಗಳ ದೊಡ್ಡ ಚೌಕ ನೆತ್ತಿಗೆ ಏರುತ್ತಿರುತ್ತದೆ.

ನವೆಂಬರ್. ಆ ಚೌಕದಿಂದ ಈಶಾನ್ಯಕ್ಕೆ ಸರಿದರೆ ಆಂಡ್ರೊಮಿಡಾ ಗೆಲಾಕ್ಸಿ ಮಸುಕಾದ ಉದ್ದನೆಯ ಮಚ್ಚೆಯಾಗಿ ಕಾಣುತ್ತದೆ. ಬರಿಗಣ್ಣಿಗೆ ಸುಲಭವಾಗಿ ಎಟುಕುವ ವಸ್ತುಗಳಲ್ಲಿ ಅತ್ಯಂತ ದೂರದ್ದು ಅದು, ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಹಿಂಗಾರಿನ ಮೋಡ ಈ ತಿಂಗಳನ್ನು ಅನಿಶ್ಚಿತವಾಗಿಸುತ್ತದೆ.

ಡಿಸೆಂಬರ್. ಕೊಡಗಿನ ಸುಗ್ಗಿಹಬ್ಬ ಪುತ್ತರಿ ನವೆಂಬರ್ ಕೊನೆಯಲ್ಲೋ ಡಿಸೆಂಬರ್‌ನಲ್ಲೋ ಬೀಳುತ್ತದೆ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಾಲಯದಲ್ಲಿ ನೆರೆ (ಮಂಗಳಕರ ಎಲೆಗಳ ಕಟ್ಟು) ಕಟ್ಟುವ ಮತ್ತು ಕದಿರು (ಹೊಸ ಭತ್ತದ ತೆನೆ) ತೆಗೆಯುವ ಮುಹೂರ್ತವನ್ನು ನಿಶ್ಚಯಿಸುವುದು ಹುಣ್ಣಿಮೆ ಮತ್ತು ರೋಹಿಣಿ ನಕ್ಷತ್ರ ಕೂಡುವುದನ್ನು ನೋಡಿ. ಆ ರಾತ್ರಿ ಗದ್ದೆಯಲ್ಲಿ ‘ಪೊಲಿ ಪೊಲಿ ದೇವಾ’ ಎಂದು ಕೂಗಿ ಕದಿರು ಹೊತ್ತು ಬರುವಾಗ ಒಮ್ಮೆ ತಲೆಯೆತ್ತಿ ನೋಡಿ: ಪೂರ್ವದಲ್ಲಿ ಏರುತ್ತಿರುವ ಚಂದ್ರನ ಹತ್ತಿರದ ಕೆಂಪು ನಕ್ಷತ್ರವೇ ರೋಹಿಣಿ, ಅದರ ಮೇಲ್ಗಡೆ ಬೈನಾಕ್ಯುಲರಿಗೆ ಸಿಗುವ ಗುಂಪೇ ಕೃತ್ತಿಕೆ. ಹುಣ್ಣಿಮೆಯ ಪ್ರಭೆಯಲ್ಲಿ ಕೃತ್ತಿಕೆ ಬರಿಗಣ್ಣಿಗೆ ಅಳಿಸಿಹೋದಂತಿರುತ್ತದೆ. ವಾರದ ನಂತರ ಮತ್ತೆ ನೋಡಿದರೆ ಆರು ನಕ್ಷತ್ರಗಳನ್ನು ಎಣಿಸಬಹುದು. ಡಿಸೆಂಬರ್ 13–14ರ ರಾತ್ರಿ ಜೆಮಿನಿಡ್ ಉಲ್ಕಾಪಾತ. ಕೊಡಗಿನವರಿಗೆ ವರ್ಷದ ಅತ್ಯುತ್ತಮ ಉಲ್ಕಾಪಾತ ಇದೇ, ಏಕೆಂದರೆ ಮಳೆಯಿಲ್ಲ ಮತ್ತು ಪುನರ್ವಸುವಿನ ಬಳಿಯ ಅದರ ಕೇಂದ್ರಬಿಂದು ನಮಗೆ ಬಹಳ ಎತ್ತರಕ್ಕೆ ಏರುತ್ತದೆ. ಹತ್ತು ಗಂಟೆಯ ನಂತರ ಚಾಪೆ ಹಾಸಿ ಮಲಗಿ ನೋಡಬೇಕು, ಸಲಕರಣೆ ಏನೂ ಬೇಡ, ಕಂಬಳಿ ಮಾತ್ರ ಬೇಕು. 2026ರಲ್ಲಿ ಎಳೆಯ ಚಂದ್ರ ಬೇಗ ಮುಳುಗುವುದರಿಂದ ಕತ್ತಲೆ ಚೆನ್ನಾಗಿರುತ್ತದೆ.

ಜನವರಿ. ಕೃತ್ತಿಕೆ ನೆತ್ತಿಯಲ್ಲಿ, ರೋಹಿಣಿ ಅದರ ಹಿಂದೆ, ಮೃಗಶಿರ ಮತ್ತು ಆರಿದ್ರಾ ಸೇರಿದ ಮಹಾವ್ಯಾಧನ ಪುಂಜ ಪೂರ್ವದಿಂದ ಮೇಲೇರಿರುತ್ತದೆ. ವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ತೂಗುವ ಕತ್ತಿಯ ನಡುಭಾಗ ಬೈನಾಕ್ಯುಲರಿನಲ್ಲಿ ಮಂಜಿನಂತೆ ಕಾಣುತ್ತದೆ. ಅದು ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ಮೋಡ. ವರ್ಷದಲ್ಲಿ ಒಂದೇ ತಿಂಗಳು ಆಕಾಶ ನೋಡಲು ಸಮಯವಿದೆ ಎನ್ನುವವರಿಗೆ ನಾನು ಸೂಚಿಸುವುದು ಈ ತಿಂಗಳನ್ನು.

ಫೆಬ್ರವರಿ. ಕೊಡಗಿನವರು ತಪ್ಪದೆ ನೋಡಬೇಕಾದ ನಕ್ಷತ್ರ ಅಗಸ್ತ್ಯ. ಕಾವೇರಿಯನ್ನು ಕಮಂಡಲುವಿನಲ್ಲಿ ತಂದ ಋಷಿಯ ಹೆಸರಿನ ಈ ನಕ್ಷತ್ರ ಫೆಬ್ರವರಿ ಮಧ್ಯದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ನೇರ ದಕ್ಷಿಣದಲ್ಲಿ, ದಿಗಂತದಿಂದ ಎರಡೂವರೆ ಮುಷ್ಟಿ ಎತ್ತರದಲ್ಲಿ ನಿಲ್ಲುತ್ತದೆ. ಅದರ ಮೇಲೆ, ನೆತ್ತಿಯ ಕಡೆಗೆ, ಇನ್ನೂ ಪ್ರಖರವಾಗಿ ಹೊಳೆಯುವುದು ಲುಬ್ಧಕ. ಲುಬ್ಧಕ ನಮಗೆ ಕೇವಲ 8.6 ಜ್ಯೋತಿರ್ವರ್ಷ ದೂರದಲ್ಲಿದೆ, ಅಗಸ್ತ್ಯ ಸುಮಾರು 310. ಅಷ್ಟು ದೂರದಿಂದಲೂ ಇಡೀ ರಾತ್ರಿಯಾಕಾಶದ ಎರಡನೆಯ ಪ್ರಕಾಶಮಾನ ನಕ್ಷತ್ರವಾಗಿ ಕಾಣಬೇಕಾದರೆ ಅದರ ನಿಜವಾದ ಕಾಂತಿ ಎಷ್ಟಿರಬೇಕೆಂದು ಯೋಚಿಸಿ. ಯುರೋಪಿನ ಬಹುಭಾಗದಿಂದ ಅದು ಎಂದೂ ಕಾಣುವುದಿಲ್ಲ.

ಮಾರ್ಚ್. ಕಾಡಿನ ಬೆಂಕಿಯ ಹೊಗೆ ಮತ್ತು ಧೂಳಿನಿಂದ ದಿಗಂತ ಮಸುಕಾಗಿರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಸುರಿದ ಮರುರಾತ್ರಿಯನ್ನು ಮಾತ್ರ ಬಿಡಬೇಡಿ. ತೊಳೆದ ಗಾಳಿಯಲ್ಲಿ ನಕ್ಷತ್ರಗಳ ಸಂಖ್ಯೆಯೇ ಹೆಚ್ಚಿದಂತೆ ತೋರುತ್ತದೆ. ಮುಂಗಾರು ನಮ್ಮಿಂದ ಮುಚ್ಚಿಡುವ ಆಕಾಶಗಂಗೆಯ ಕೇಂದ್ರಭಾಗವನ್ನು ನೋಡಲು ಈ ತಿಂಗಳ ಕೃಷ್ಣಪಕ್ಷದ ಕೊನೆಯ ದಿನಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು. ಆಗ ಆಗ್ನೇಯದಲ್ಲಿ ಜ್ಯೇಷ್ಠಾ ಕೆಂಪಾಗಿ ಹೊಳೆಯುತ್ತ, ಮೂಲಾ ವೃಶ್ಚಿಕದ ಬಾಲವಾಗಿ ಬಾಗಿ, ಅದರ ಎಡಕ್ಕೆ ಆಕಾಶಗಂಗೆ ಅತ್ಯಂತ ದಟ್ಟವಾಗಿರುತ್ತದೆ.

ಏಪ್ರಿಲ್. ಮಡಿಕೇರಿಯ ನೆತ್ತಿಯ ನಕ್ಷತ್ರ ಯಾವುದೆಂದು ಕೇಳಿದರೆ ಮಘಾ ಎನ್ನಬೇಕು. ಅದು ನಮ್ಮ ನಡುನೆತ್ತಿಯಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ದೂರದಲ್ಲಿ, ಎಂದರೆ ಚಂದ್ರಬಿಂಬದ ಅಗಲದಷ್ಟೇ ಅಂತರದಲ್ಲಿ ಹಾದುಹೋಗುತ್ತದೆ. ಏಪ್ರಿಲ್ ಮಧ್ಯದಲ್ಲಿ ಇದು ರಾತ್ರಿ ಒಂಬತ್ತಕ್ಕೆ ನಡೆಯುತ್ತದೆ. ಕೊಡವರ ಹೊಸವರ್ಷವಾದ ಎಡಮ್ಯಾರ್ ಒಂದರಂದು ಸೂರ್ಯ ಮೇಷವನ್ನು ಪ್ರವೇಶಿಸುವಾಗ ಅಕ್ಟೋಬರ್‌ನಲ್ಲಿ ಅಡಗಿದ್ದ ಚಿತ್ತಾ ಸರಿಯಾಗಿ ಎದುರು ದಿಕ್ಕಿನಲ್ಲಿದ್ದು, ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಮೂಡಿ ರಾತ್ರಿಯಿಡೀ ಕಾಣುತ್ತದೆ. ಹಗಲಿನದೊಂದು ವೀಕ್ಷಣೆಯೂ ಈ ತಿಂಗಳಿನದೇ: ಏಪ್ರಿಲ್ 23ರ ಸುಮಾರಿಗೆ ಮಧ್ಯಾಹ್ನ 12 ಗಂಟೆ 25 ನಿಮಿಷಕ್ಕೆ ಸೂರ್ಯ ನಡುನೆತ್ತಿಗೆ ಬಂದು ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕಾಣದಾಗುತ್ತದೆ. ಆಗಸ್ಟ್‌ನಲ್ಲೂ ಹಾಗಾಗುತ್ತದೆ, ಆದರೆ ಅಂದು ಬಿಸಿಲಿರುವ ಸಂಭವ ಕಡಿಮೆ.

ಮೇ. ಸಂಜೆಯ ಗುಡುಗುಮಳೆಗಳ ನಡುವೆ ಸಿಗುವ ರಾತ್ರಿಗಳಲ್ಲಿ ದಕ್ಷಿಣಕ್ಕೆ ಮುಖಮಾಡಿ ಕೂರಿ. ದಿಗಂತದಿಂದ ಒಂದೂವರೆಯಿಂದ ಎರಡು ಮುಷ್ಟಿ ಎತ್ತರದಲ್ಲಿ ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಪುಂಜ ನೆಟ್ಟಗೆ ನಿಂತಿರುತ್ತದೆ. ಅದರ ಎಡಕ್ಕೆ ಎರಡು ಪ್ರಕಾಶಮಾನ ನಕ್ಷತ್ರಗಳು, ಆಲ್ಫಾ ಮತ್ತು ಬೀಟಾ ಸೆಂಟಾರಿ. ಎಡತುದಿಯ ಆಲ್ಫಾ ಸೂರ್ಯನ ನಂತರ ನಮಗೆ ಅತ್ಯಂತ ಹತ್ತಿರದ ನಕ್ಷತ್ರವ್ಯವಸ್ಥೆ. ಅವುಗಳಿಗಿಂತ ಮೇಲೆ, ದಕ್ಷಿಣ ದಿಗಂತದಿಂದ ಮೂರು ಮುಷ್ಟಿ ಎತ್ತರದಲ್ಲಿ, ಓಮೆಗಾ ಸೆಂಟಾರಿ ಎಂಬ ನಕ್ಷತ್ರಗೋಳ ಬೈನಾಕ್ಯುಲರಿಗೆ ದುಂಡನೆಯ ಹತ್ತಿಯ ಉಂಡೆಯಾಗಿ ಸಿಗುತ್ತದೆ. ಅದರಲ್ಲಿ ಲಕ್ಷಾಂತರ ನಕ್ಷತ್ರಗಳಿವೆ. ಉತ್ತರದಲ್ಲಿ ಸಪ್ತರ್ಷಿಮಂಡಲ ಎತ್ತರದಲ್ಲಿದ್ದು, ವಸಿಷ್ಠನ ಪಕ್ಕದ ಅರುಂಧತಿ ಬರಿಗಣ್ಣಿಗೆ ಕಾಣುತ್ತದೆ.

ಮಳೆಗಾಲದ ಕೆಲಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಡುವುದಕ್ಕಿಂತ ಕಾಪಾಡುವುದು ಮುಖ್ಯ. ಜೋರು ಮಳೆಯ ತಿಂಗಳಾದ ಕಕ್ಕಡದ ತೇವದಲ್ಲಿ ಗಾಜಿನ ಮೇಲೆ ಬೂಸ್ಟು ಹಿಡಿಯುತ್ತದೆ. ಒಮ್ಮೆ ಹಿಡಿದ ಬೂಸ್ಟು ಗಾಜಿನ ಲೇಪವನ್ನೇ ತಿಂದುಬಿಡುವುದರಿಂದ ಒರೆಸಿದರೆ ಹೋಗುವುದಿಲ್ಲ. ಚರ್ಮದ ಅಥವಾ ಬಟ್ಟೆಯ ಚೀಲ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲಿ ಇಡಬೇಡಿ. ಗಾಳಿಯಾಡದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬದಲ್ಲಿ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಹಾಕಿ, ಅದರ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಒಣಗಿಸಿ, ತಣಿದ ಮೇಲೆ ಮತ್ತೆ ಬಳಸಬಹುದು. ಹದಿನೈದು ದಿನಕ್ಕೊಮ್ಮೆ, ಬಿಸಿಲು ಬಂದ ದಿನ, ಡಬ್ಬ ತೆರೆದು ಗಾಜನ್ನು ಪರೀಕ್ಷಿಸಿ. ಚಳಿಗಾಲದಲ್ಲೂ ಇಬ್ಬನಿಯಿಂದ ತೊಯ್ದ ಬೈನಾಕ್ಯುಲರನ್ನು ಒಳಗೆ ತಂದ ಕೂಡಲೇ ಮುಚ್ಚಿಡದೆ, ಪೂರ್ತಿ ಒಣಗಿದ ಮೇಲೆಯೇ ಡಬ್ಬಕ್ಕೆ ಹಾಕಬೇಕು.

ಮೋಡ ಹರಿದ ರಾತ್ರಿಗಳು ಮಳೆಗಾಲದಲ್ಲೂ ಅಪರೂಪಕ್ಕೆ ಬರುತ್ತವೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ (ಕೊಡಗಿನ ಆಯುಧಪೂಜೆಯ ಹಬ್ಬ) ಕಳೆದ ಮೇಲೆ ಅವುಗಳ ಸಂಖ್ಯೆ ಸ್ವಲ್ಪ ಹೆಚ್ಚುತ್ತದೆ. ಆಗ ರಾತ್ರಿ ಒಂಬತ್ತಕ್ಕೆ ನೆತ್ತಿಯ ಉತ್ತರಕ್ಕೆ ಅಭಿಜಿತ್, ದಕ್ಷಿಣದ ಕಡೆಗೆ ಶ್ರವಣ, ಎರಡರ ನಡುವೆ ಹಾದುಹೋಗುವ ಆಕಾಶಗಂಗೆ ಕಾಣುತ್ತದೆ. ಆ ತಿಂಗಳು ಮುಗಿಯುವ ಮೊದಲು ಕಣದ ಸುತ್ತ ಮಳೆಗಾಲದಲ್ಲಿ ಬೆಳೆದ ಕೊಂಬೆಗಳನ್ನು ದಕ್ಷಿಣ ದಿಕ್ಕಿನಲ್ಲಿ ಸವರಿಸಿ, ಮುಷ್ಟಿಯ ಅಳತೆಯನ್ನು ಮತ್ತೊಮ್ಮೆ ತೆಗೆದು, ಮುಂದಿನ ವರ್ಷದ ಪಂಚಾಂಗ ಬಂದ ಕೂಡಲೇ ಅದರಲ್ಲಿ ಶುಕ್ಲ ಅಷ್ಟಮಿಗಳನ್ನೂ ಅಮಾವಾಸ್ಯೆಗಳನ್ನೂ ಗುರುತು ಹಾಕಿಡಿ.